ಹುರುಳಿ ಕಟ್ಟಿನ ಸಾರು

ಹುರುಳಿ ಕಟ್ಟಿನ ಸಾರು ಎಂಬುದು ಹುರುಳಿ ಕಾಳನ್ನು ಹೆಚ್ಚು ನೀರಿನಲ್ಲಿ ಬೇಯಿಸಿ, ಬಸಿದ ನೀರಿಗೆ ಹುಳಿ, ಉಪ್ಪು ಮತ್ತು ಅರೆದ ಮಸಾಲೆಯನ್ನು ಸೇರಿಸಿ ಕುದಿಸಿ, ಒಗ್ಗರಣೆ ಕೊಟ್ಟು ತಯಾರಿಸುವ ಮೇಲೋಗರ. ಕರ್ನಾಟಕದ ಹಲವು ಭಾಗಗಳಲ್ಲಿ ಇದು ರೂಢಿಯಲ್ಲಿದ್ದರೂ ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಮನೆಗಳಲ್ಲಿ ಮಳೆಗಾಲ ಮತ್ತು ಚಳಿಗಾಲದ ಅಡುಗೆಯಾಗಿ ಇದಕ್ಕೆ ವಿಶೇಷ ಸ್ಥಾನವಿದೆ. ಬಿಸಿ ಅನ್ನ, ಕುಚ್ಚಲಕ್ಕಿ ಗಂಜಿ, ಅಕ್ಕಿ ಕಡುಬು ಹಾಗೂ ಅಕ್ಕಿ ರೊಟ್ಟಿಯೊಂದಿಗೆ ಇದನ್ನು ಬಳಸುತ್ತಾರೆ. ಮದುವೆ, ಉಪನಯನ ಮೊದಲಾದ ಸಮಾರಂಭಗಳ ಊಟದಲ್ಲಿ ಸಾಮಾನ್ಯವಾಗಿ ಕಾಣಸಿಗದ ಇದು ಮುಖ್ಯವಾಗಿ ಮನೆಯ ಅಡುಗೆ.

ಹೆಸರು

ಬೇಳೆ ಅಥವಾ ಕಾಳನ್ನು ಬೇಯಿಸಿ ಬಸಿದಾಗ ದೊರೆಯುವ ನೀರಿಗೆ ಕನ್ನಡದಲ್ಲಿ ‘ಕಟ್ಟು’ ಎಂದು ಹೆಸರು. ಹೋಳಿಗೆಗಾಗಿ ಬೇಯಿಸಿದ ಕಡಲೆಬೇಳೆ ಅಥವಾ ತೊಗರಿಬೇಳೆಯ ಕಟ್ಟಿನಿಂದ ಮಾಡುವ ಸಾರನ್ನು ಉತ್ತರ ಕರ್ನಾಟಕದಲ್ಲಿ ಕಟ್ಟಿನ ಸಾರು ಎಂದೂ ಹಳೆಯ ಮೈಸೂರು ಭಾಗದಲ್ಲಿ ಒಬ್ಬಟ್ಟಿನ ಸಾರು ಎಂದೂ ಕರೆಯುತ್ತಾರೆ. ಸೊಪ್ಪು ಮತ್ತು ಕಾಳನ್ನು ಒಟ್ಟಿಗೆ ಬೇಯಿಸಿ ಬಸಿದು ಮಾಡುವ ಬಸ್ಸಾರು ಕೂಡ ಇದೇ ಕ್ರಮದ ಅಡುಗೆ. ಹುರುಳಿಗೆ ಪ್ರದೇಶಕ್ಕೆ ಅನುಗುಣವಾಗಿ ಹುರಳಿ, ಹುಳ್ಳಿ, ಹುಳ್ಳಿಕಾಳು ಎಂಬ ರೂಪಗಳಿವೆ. ಆಡುಮಾತಿನಲ್ಲಿ ‘ಹುಳ್ಳಿಕಟ್ಟು’ ಎಂಬುದನ್ನು ಕೇಳಿದವರು ಕೆಲವೊಮ್ಮೆ ಅದನ್ನು ಹುಣಸೆಯ ಹುಳಿಗೆ ಸಂಬಂಧಿಸಿದ ಪದವೆಂದು ಭಾವಿಸುವುದುಂಟು. ಇಲ್ಲಿ ‘ಹುಳ್ಳಿ’ ಎಂದರೆ ಹುರುಳಿಯೇ ಹೊರತು ಹುಳಿಯಲ್ಲ.

ಹುರುಳಿ ಕಾಳು

ಹುರುಳಿಯ ಸಸ್ಯಶಾಸ್ತ್ರೀಯ ಹೆಸರು ಮ್ಯಾಕ್ರೊಟೈಲೋಮಾ ಯೂನಿಫ್ಲೋರಮ್. ಹಳೆಯ ಗ್ರಂಥಗಳಲ್ಲಿ ಇದು ಡೋಲಿಕಸ್ ಬೈಫ್ಲೋರಸ್ ಎಂಬ ಹೆಸರಿನಿಂದ ಉಲ್ಲೇಖಗೊಂಡಿದೆ. ಸಂಸ್ಕೃತದಲ್ಲಿ ಕುಲತ್ಥ, ಹಿಂದಿಯಲ್ಲಿ ಕುಲ್ಥಿ, ತುಳುವಿನಲ್ಲಿ ಕುಡು, ಕೊಂಕಣಿಯಲ್ಲಿ ಕುಳಿತ್, ತಮಿಳಿನಲ್ಲಿ ಕೊಳ್ಳು, ತೆಲುಗಿನಲ್ಲಿ ಉಲವಲು, ಮಲಯಾಳಂನಲ್ಲಿ ಮುದಿರ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಇದಕ್ಕೆ ‘ಕುದುರೆ ಕಾಳು’ ಎಂಬ ಅರ್ಥದ ಹೆಸರು ಬಂದಿರುವುದು ಕುದುರೆಗಳ ಮೇವಾಗಿ ಬಳಕೆಯಾದ ಕಾರಣದಿಂದ.

ದಕ್ಷಿಣ ಭಾರತದ ಅತಿ ಹಳೆಯ ಬೆಳೆಗಳಲ್ಲಿ ಹುರುಳಿಯೂ ಒಂದು. ಬಳ್ಳಾರಿ ಸಮೀಪದ ಸಂಗನಕಲ್ಲು ಮೊದಲಾದ ನವಶಿಲಾಯುಗದ ನೆಲೆಗಳಲ್ಲಿ ಹೆಸರುಕಾಳು ಮತ್ತು ಕಿರುಧಾನ್ಯಗಳ ಜೊತೆಗೆ ಹುರುಳಿಯ ಕರಿಕಾದ ಬೀಜಗಳೂ ದೊರೆತಿವೆ. ಇವು ಇಂದಿಗೆ ಸುಮಾರು 4,000 ವರ್ಷಗಳಷ್ಟು ಹಿಂದಿನವು.

ಹುರುಳಿ ಬರವನ್ನು ತಡೆದುಕೊಳ್ಳುವ ಬೆಳೆ. ಬಡ ನೆಲದಲ್ಲಿ, ಕಡಿಮೆ ತೇವದಲ್ಲಿ ಬೆಳೆಯುತ್ತದೆ. ಬುಡದಲ್ಲಿ ನೀರು ನಿಂತರೆ ಸಹಿಸುವುದಿಲ್ಲ. ಹೀಗಾಗಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯಂಥ ಊರುಗಳಿರುವ ಈ ಸೀಮೆ ಹುರುಳಿಯ ಸಹಜ ನೆಲೆಯಲ್ಲ. ಇಲ್ಲಿನ ಮುಖ್ಯ ಬೆಳೆಗಳು ಅಡಿಕೆ ಮತ್ತು ಭತ್ತ. ಮಲೆನಾಡಿನ ಮನೆಗಳಿಗೆ ಹುರುಳಿ ಬಹುಮಟ್ಟಿಗೆ ಪೂರ್ವದ ಬಯಲುಸೀಮೆಯಿಂದ, ಸಂತೆ ಮತ್ತು ದಿನಸಿ ಅಂಗಡಿಗಳ ಮೂಲಕ ಬರುತ್ತದೆ. ಒಣಸೀಮೆಯ ಕಾಳೊಂದು ಮಳೆಸೀಮೆಯ ಅಡುಗೆಯ ಗುರುತಾದದ್ದಕ್ಕೆ ಕಾರಣವನ್ನು ಹೊಲದಲ್ಲಿ ಹುಡುಕುವುದಕ್ಕಿಂತ ಕೊಟ್ಟಿಗೆಯಲ್ಲಿ ಹುಡುಕಬೇಕು.

ಕೊಟ್ಟಿಗೆಯ ಹಂಡೆ

ಗದ್ದೆ ಉಳುವ ಎತ್ತು, ಕೋಣಗಳಿಗೂ ಹಾಲು ಕೊಡುವ ಎಮ್ಮೆ, ಹಸುಗಳಿಗೂ ಬೇಯಿಸಿದ ಹುರುಳಿಯನ್ನು ತಿನ್ನಿಸುವುದು ಮಲೆನಾಡಿನಲ್ಲಿ ಹಳೆಯ ವಾಡಿಕೆ. ಮಳೆ ಹಿಡಿದ ಮೇಲೆ ಉಳುಮೆ, ನಾಟಿಯ ಕೆಲಸ ಏಕಕಾಲಕ್ಕೆ ಬರುವುದರಿಂದ ಆ ದಿನಗಳಲ್ಲಿ ಎತ್ತುಗಳಿಗೆ ಹೆಚ್ಚಿನ ಆಹಾರ ಬೇಕಾಗುತ್ತಿತ್ತು. ಬಚ್ಚಲ ಒಲೆಯ ಮೇಲೋ ಕೊಟ್ಟಿಗೆಯ ಬಳಿಯ ಒಲೆಯ ಮೇಲೋ ದೊಡ್ಡ ಹಂಡೆಯಲ್ಲಿ ಸೇರುಗಟ್ಟಲೆ ಹುರುಳಿ ಗಂಟೆಗಟ್ಟಲೆ ಬೇಯುತ್ತಿತ್ತು. ಬೆಂದ ಕಾಳು ಅಕ್ಕಚ್ಚಿನೊಂದಿಗೆ ದನಗಳ ಬಾನಿಗೆ ಹೋದರೆ, ಬಸಿದ ಕೆಂಗಪ್ಪು ಬಣ್ಣದ ಕಟ್ಟು ಅಡುಗೆಮನೆಗೆ ಬರುತ್ತಿತ್ತು. ದನಕ್ಕೆಂದು ಬೇಯಿಸಿದ್ದರಿಂದಲೇ ಮನೆಮಂದಿಯ ಒಂದು ಹೊತ್ತಿನ ಸಾರು ಸಿದ್ಧವಾಗುತ್ತಿದ್ದುದು ಈ ಏರ್ಪಾಡಿನ ಅನುಕೂಲ. ಆಂಧ್ರಪ್ರದೇಶದ ಉಲವಚಾರು ಕೂಡ ಇದೇ ರೀತಿಯಲ್ಲಿ ದನದ ಮೇವಿನ ಹಂಡೆಯಿಂದ ಹುಟ್ಟಿದ ಅಡುಗೆ.

ಹಂಚಿಕೆಯ ಈ ಕ್ರಮ ಎಲ್ಲ ಮನೆಗಳಿಗೂ ಅನ್ವಯಿಸುತ್ತಿರಲಿಲ್ಲ. ಎತ್ತು, ಎಮ್ಮೆ ಕಟ್ಟಿದ ಹಿಡುವಳಿದಾರರ ಮನೆಯಲ್ಲಿ ಕಾಳು ದನಕ್ಕೆ, ಕಟ್ಟು ಮನುಷ್ಯರಿಗೆ ಸಲ್ಲುತ್ತಿತ್ತು. ದನ ಸಾಕುವ ಶಕ್ತಿಯಿಲ್ಲದ ಮನೆಯಲ್ಲಿ ಕಾಳನ್ನು ಬೇರೆ ಮಾಡುವ ಪ್ರಶ್ನೆಯೇ ಇರಲಿಲ್ಲ. ಕಾಳು, ಕಟ್ಟು ಎರಡೂ ಊಟಕ್ಕೆ ಬರುತ್ತಿದ್ದವು. ಪೋಷಣೆಯ ದೃಷ್ಟಿಯಿಂದ ಎರಡನೆಯದೇ ಉತ್ತಮ ಕ್ರಮ ಎಂಬುದು ಮುಂದಿನ ವಿವರಗಳಿಂದ ತಿಳಿಯುತ್ತದೆ. ಹುರುಳಿಗೆ ಅಂಟಿಕೊಂಡ ‘ದನದ ಆಹಾರ’ ಎಂಬ ಕೀಳರಿಮೆಯೇ ಅದನ್ನು ಸಮಾರಂಭದ ಎಲೆಯಿಂದ ದೂರ ಇರಿಸಿತು.

ಕೆಳದಿ ಅರಸರ ಕಾಲದ ಮುಖ್ಯ ಕೇಂದ್ರಗಳಾದ ಕೆಳದಿ ಮತ್ತು ಇಕ್ಕೇರಿ ಸಾಗರ ತಾಲ್ಲೂಕಿನಲ್ಲೂ, ಬಿದನೂರು ಅಥವಾ ನಗರ ಹೊಸನಗರ ತಾಲ್ಲೂಕಿನಲ್ಲೂ, ಕವಲೇದುರ್ಗ ತೀರ್ಥಹಳ್ಳಿ ತಾಲ್ಲೂಕಿನಲ್ಲೂ ಇವೆ. 18ನೆಯ ಶತಮಾನದ ಆರಂಭದಲ್ಲಿ ಕೆಳದಿಯ ಬಸವರಾಜನು ಸಂಸ್ಕೃತದಲ್ಲಿ ರಚಿಸಿದ ವಿಶ್ವಕೋಶ ಸ್ವರೂಪದ ‘ಶಿವತತ್ತ್ವರತ್ನಾಕರ’ದಲ್ಲಿ ಪಾಕಶಾಸ್ತ್ರದ ಭಾಗವೂ ಇದೆ. ಅದು ಅರಮನೆಯ ಅಡುಗೆಯ ದಾಖಲೆ. ಕಟ್ಟಿನ ಸಾರಿನಂಥ ಅಡುಗೆಗಳು ಮಾತ್ರ ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ಉಳಿದುಬಂದವು.

ತಯಾರಿಸುವ ವಿಧಾನ

ಐದಾರು ಜನರ ಊಟಕ್ಕೆ ಒಂದು ಲೋಟ, ಅಂದರೆ ಸುಮಾರು 200 ಗ್ರಾಂ ಹುರುಳಿ ಸಾಕು. ಹುರುಳಿಯಲ್ಲಿ ಅದೇ ಗಾತ್ರದ, ಅದೇ ಬಣ್ಣದ ಕಲ್ಲು ಬೆರೆತಿರುವುದು ಸಾಮಾನ್ಯವಾದ್ದರಿಂದ ಮೊರದಲ್ಲಿ ಕೇರಿ, ಆರಿಸಿ, ನೀರಿನಲ್ಲಿ ಗಾಳಿಸಿ ತೆಗೆಯಬೇಕು. ಈ ಕೆಲಸದಲ್ಲಿ ಅವಸರ ಮಾಡಿದರೆ ಉಳಿದ ಶ್ರಮವೆಲ್ಲ ವ್ಯರ್ಥ. ತೊಳೆದ ಕಾಳನ್ನು ಹಿಂದಿನ ರಾತ್ರಿಯೇ, ಕನಿಷ್ಠ 8 ಗಂಟೆ ನೆನೆಹಾಕಬೇಕು. ಹುರುಳಿಯ ಸಿಪ್ಪೆ ಗಡುಸು. ನೆನೆಯದ ಕಾಳು ಬೇಯಲು ಬಹಳ ಸಮಯ ಹಿಡಿಯುತ್ತದೆ. ಕೆಲವರು ನೆನೆಸುವ ಬದಲು ಕಾಳನ್ನು ಬಾಣಲೆಯಲ್ಲಿ ಪರಿಮಳ ಬರುವವರೆಗೆ ಹುರಿದು ಬೇಯಿಸುತ್ತಾರೆ. ಹಾಗೆ ಮಾಡಿದ ಕಟ್ಟಿನ ರುಚಿ ಗಾಢವಾಗಿರುತ್ತದೆ, ಸೌದೆ ಅಥವಾ ಅನಿಲ ಹೆಚ್ಚು ಖರ್ಚಾಗುತ್ತದೆ.

ನೆನೆದ ಕಾಳಿಗೆ ಏಳೆಂಟು ಲೋಟ ನೀರು ಹಾಕಿ ಪ್ರೆಶರ್ ಕುಕ್ಕರಿನಲ್ಲಿ ಐದಾರು ಸೀಟಿ ಬರುವವರೆಗೆ ಬೇಯಿಸಬೇಕು. ಇಷ್ಟು ನೀರು ಹಾಕುವಾಗ ಪಾತ್ರೆ ಅರ್ಧಕ್ಕಿಂತ ಹೆಚ್ಚು ತುಂಬದಂತೆ ನೋಡಿಕೊಳ್ಳುವುದು ಅಗತ್ಯ. ಚಿಕ್ಕ ಕುಕ್ಕರಾದರೆ ಕಡಿಮೆ ನೀರಿನಲ್ಲಿ ಬೇಯಿಸಿ ಅನಂತರ ಬಿಸಿನೀರು ಸೇರಿಸಿ ಕುದಿಸಬಹುದು. ತೆರೆದ ಪಾತ್ರೆಯಲ್ಲಾದರೆ ನೀರನ್ನು ಆಗಾಗ್ಗೆ ಸೇರಿಸುತ್ತ ಒಂದೂವರೆ ಎರಡು ಗಂಟೆ ಬೇಯಿಸಬೇಕಾಗುತ್ತದೆ. ಬೇಯುವ ಹಂತದಲ್ಲಿ ಹುಣಸೆಹಣ್ಣನ್ನಾಗಲಿ ಬೇರೆ ಹುಳಿಯನ್ನಾಗಲಿ ಹಾಕಬಾರದು. ಆಮ್ಲವಿರುವ ನೀರಿನಲ್ಲಿ ಕಾಳಿನ ಜೀವಕೋಶಗಳನ್ನು ಹಿಡಿದಿಡುವ ಪೆಕ್ಟಿನ್ ಕರಗದೆ ಉಳಿಯುವುದರಿಂದ ಕಾಳು ಎಷ್ಟು ಹೊತ್ತಾದರೂ ಮೆತ್ತಗಾಗುವುದಿಲ್ಲ. ಸುಣ್ಣದ ಅಂಶ ಹೆಚ್ಚಿರುವ ಗಡಸು ನೀರಿನಲ್ಲೂ ಇದೇ ತೊಂದರೆ. ಕಾಳನ್ನು ಬೆರಳಲ್ಲಿ ಹಿಸುಕಿದಾಗ ಸುಲಭವಾಗಿ ನುರಿದರೆ ಬೆಂದಿದೆ ಎಂದರ್ಥ. ಆಗ ಅದನ್ನು ಬಸಿದು ಕಟ್ಟನ್ನು ಬೇರೆ ಪಾತ್ರೆಗೆ ತೆಗೆದುಕೊಳ್ಳಬೇಕು.

ಮಸಾಲೆಗೆ ನಾಲ್ಕೈದು ಬ್ಯಾಡಗಿ ಮೆಣಸಿನಕಾಯಿ, ಎರಡು ಚಹಾ ಚಮಚ ಕೊತ್ತಂಬರಿ ಬೀಜ, ಒಂದು ಚಮಚ ಜೀರಿಗೆ, ಅರ್ಧ ಚಮಚ ಕಾಳುಮೆಣಸು, ಏಳೆಂಟು ಮೆಂತೆ ಕಾಳುಗಳನ್ನು ಸ್ವಲ್ಪ ಕೊಬ್ಬರಿ ಎಣ್ಣೆಯಲ್ಲಿ ಹುರಿಯಬೇಕು. ಮೆಂತೆ ಕಪ್ಪಾದರೆ ಸಾರು ಕಹಿಯಾಗುತ್ತದೆ. ಹುರಿದ ಸಾಮಗ್ರಿಗೆ ಎರಡು ಮೂರು ಚಮಚ ಕಾಯಿತುರಿ ಹಾಗೂ ಒಂದು ಹಿಡಿ ಬೆಂದ ಹುರುಳಿಯನ್ನು ಸೇರಿಸಿ ನುಣ್ಣಗೆ ರುಬ್ಬಬೇಕು. ಈ ಒಂದು ಹಿಡಿ ಕಾಳು ಮುಖ್ಯ. ಅದನ್ನು ಬಿಟ್ಟರೆ ಸಾರಿನಲ್ಲಿ ನೀರು ಮೇಲೆ, ಮಸಾಲೆ ಕೆಳಗೆ ಎಂಬಂತೆ ಬೇರ್ಪಡುತ್ತದೆ. ರುಬ್ಬಿದ ಮಸಾಲೆ, ಚಿಕ್ಕ ನಿಂಬೆಯ ಗಾತ್ರದ ಹುಣಸೆಹಣ್ಣಿನ ರಸ, ಉಪ್ಪು, ಒಂದು ಚೂರು ಬೆಲ್ಲವನ್ನು ಕಟ್ಟಿಗೆ ಸೇರಿಸಿ 10ರಿಂದ 15 ನಿಮಿಷ ಕುದಿಸಬೇಕು. ಆರಂಭದಲ್ಲಿ ನೊರೆ ಉಕ್ಕಿ ಬರುವುದರಿಂದ ಮುಚ್ಚಳವನ್ನು ತೆರೆದಿಟ್ಟು ಕುದಿಸುವುದು ಒಳ್ಳೆಯದು.

ಕೊನೆಯಲ್ಲಿ ಕೊಬ್ಬರಿ ಎಣ್ಣೆ ಅಥವಾ ತುಪ್ಪದಲ್ಲಿ ಸಾಸಿವೆ, ಒಣಮೆಣಸಿನಕಾಯಿ, ಕರಿಬೇವು ಮತ್ತು ಜಜ್ಜಿದ ಎಂಟು ಹತ್ತು ಎಸಳು ಬೆಳ್ಳುಳ್ಳಿಯ ಒಗ್ಗರಣೆ ಕೊಡಬೇಕು. ಬೆಳ್ಳುಳ್ಳಿ ಹೊಂಬಣ್ಣಕ್ಕೆ ಬಂದಾಗ ಒಗ್ಗರಣೆಯನ್ನು ಸಾರಿಗೆ ಸುರಿದು ತಕ್ಷಣ ಮುಚ್ಚಬೇಕು. ಬೆಳ್ಳುಳ್ಳಿ ಬಳಸದ ಮನೆಗಳಲ್ಲಿ ಇಂಗು ಹಾಕುತ್ತಾರೆ.

ಮನೆಯಿಂದ ಮನೆಗೆ

ಮೂರು ತಾಲ್ಲೂಕುಗಳಲ್ಲಿ ಹವ್ಯಕರು, ಒಕ್ಕಲಿಗರು, ದೀವರು, ಲಿಂಗಾಯತರು, ಗೌಡ ಸಾರಸ್ವತರು ಮೊದಲಾದ ಹಲವು ಸಮುದಾಯಗಳಿದ್ದು ಸಾರಿನ ಪಾಕ ಮನೆಯಿಂದ ಮನೆಗೆ ಬದಲಾಗುತ್ತದೆ. ಹವ್ಯಕರ ಸಾಂಪ್ರದಾಯಿಕ ಅಡುಗೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿಯ ಬಳಕೆ ಕಡಿಮೆ. ಇಂಗು, ಜೀರಿಗೆ, ಬೆಲ್ಲ ಮುಂದೆ ಬರುತ್ತವೆ. ಗಟ್ಟಿ ಬೆಲ್ಲದ ಬದಲು ಜೋನಿ ಬೆಲ್ಲ ಹಾಕುವವರೂ ಇದ್ದಾರೆ. ಉಳಿದ ಹಲವು ಮನೆಗಳಲ್ಲಿ ಕೆಂಡದಲ್ಲಿ ಸುಟ್ಟ ಅಥವಾ ಎಣ್ಣೆಯಲ್ಲಿ ಬಾಡಿಸಿದ ಈರುಳ್ಳಿಯನ್ನು ಮಸಾಲೆಯ ಜೊತೆಗೆ ರುಬ್ಬುತ್ತಾರೆ. ಖಾರಕ್ಕೆ ಒಣಮೆಣಸಿನಕಾಯಿಯ ಜೊತೆ ಜೀರಿಗೆ ಮೆಣಸನ್ನು ಬಳಸುವುದು ಮಲೆನಾಡಿನ ರೂಢಿ.

ಹುಳಿಯ ವಿಷಯದಲ್ಲಿ ಈ ಸೀಮೆಯ ವೈವಿಧ್ಯ ಗಮನಾರ್ಹವಾದುದು. ಹುಣಸೆಹಣ್ಣು ಅಂಗಡಿಯಿಂದ ತರಬೇಕಾದದ್ದು. ಕಾಡು ಮತ್ತು ತೋಟದಂಚಿನಲ್ಲಿ ದೊರೆಯುವ ವಾಟೆಕಾಯಿಯನ್ನು ಹೋಳು ಮಾಡಿ ಒಣಗಿಸಿದ ವಾಟೆಹುಳಿ, ಉಪ್ಪಾಗೆ ಹಣ್ಣಿನ ಒಣಸಿಪ್ಪೆ, ಮುರುಗಲು ಸಿಪ್ಪೆ ಇವು ಅದರ ಬದಲಿಗೆ ಬಳಕೆಯಾಗುತ್ತವೆ. ಉಪ್ಪಾಗೆ ಮತ್ತು ಮುರುಗಲು ಒಂದೇ ಗಾರ್ಸೀನಿಯಾ ಕುಲಕ್ಕೆ ಸೇರಿದ ಮರಗಳು. ಮುರುಗಲು ಸಾರಿಗೆ ಕೆಂಪು ಛಾಯೆ ಕೊಟ್ಟರೆ, ವಾಟೆಹುಳಿ ಕಟ್ಟಿನ ಮಣ್ಣಿನಂಥ ಘಮವನ್ನು ಮುಚ್ಚದೆ ಹುಳಿಯನ್ನಷ್ಟೇ ಕೊಡುತ್ತದೆ.

ಮಳೆಗಾಲದಲ್ಲಿ ಕಾಳು ಸಮೇತ ಮಾಡುವ ಹುರುಳಿ ಸಾರಿಗೆ ಒಣಗಿಸಿಟ್ಟ ಹಲಸಿನ ಬೀಜ ಅಥವಾ ಕಳಲೆ ಸೇರಿಸುವುದುಂಟು. ಎಳೆಯ ಬಿದಿರಿನ ಮೊಳಕೆಯಾದ ಕಳಲೆಯಲ್ಲಿ ಸಯನೈಡ್ ಉತ್ಪತ್ತಿ ಮಾಡುವ ಸಂಯುಕ್ತಗಳಿರುವುದರಿಂದ ಅದನ್ನು ಹೆಚ್ಚಿ, ನೀರು ಬದಲಾಯಿಸುತ್ತ ಎರಡು ಮೂರು ದಿನ ನೆನೆಸಿ, ಚೆನ್ನಾಗಿ ಬೇಯಿಸಿದ ಮೇಲಷ್ಟೇ ಬಳಸಬೇಕು. ಸಾರಿನ ಜೊತೆಗೆ ಹಲಸಿನ ಹಪ್ಪಳವನ್ನೋ ಮಾಂಸಾಹಾರಿಗಳ ಮನೆಗಳಲ್ಲಿ ಘಟ್ಟದ ಕೆಳಗಿನಿಂದ ಬರುವ ಒಣಮೀನನ್ನೋ ಸುಟ್ಟು ನಂಜಿಕೊಳ್ಳುತ್ತಾರೆ.

ಗಟ್ಟಿ ಕಟ್ಟು

ಕಟ್ಟನ್ನು ಸಣ್ಣ ಉರಿಯಲ್ಲಿ ಇಡೀ ದಿನ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹೊತ್ತು ಕುದಿಸಿ ಇಂಗಿಸಿದರೆ ಕಾಕಂಬಿಯಂತೆ ಕಪ್ಪಾದ, ದಪ್ಪನೆಯ ಪಾಕ ಉಳಿಯುತ್ತದೆ. ಮಲೆನಾಡಿನಲ್ಲಿ ಅನೇಕರು ‘ಹುರುಳಿ ಕಟ್ಟು’ ಎಂದಾಗ ಉದ್ದೇಶಿಸುವುದು ಈ ಗಟ್ಟಿ ಪಾಕವನ್ನೇ. ಇದಕ್ಕೆ ಉಪ್ಪು, ಹುಳಿ ಸೇರಿಸಿ ಜಾಡಿಯಲ್ಲಿ ತುಂಬಿಟ್ಟರೆ ಬಹುಕಾಲ ಕೆಡುವುದಿಲ್ಲ. ನೀರಿನಂಶ ಕಡಿಮೆಯಾಗಿ ಉಪ್ಪು, ಆಮ್ಲ ಸಾಂದ್ರವಾಗಿರುವುದೇ ಇದಕ್ಕೆ ಕಾರಣ. ಬೇಕಾದಾಗ ಒಂದು ಚಮಚ ಪಾಕವನ್ನು ಬಿಸಿನೀರಿನಲ್ಲಿ ಕದಡಿ, ಒಗ್ಗರಣೆ ಕೊಟ್ಟರೆ ಸಾರು ಸಿದ್ಧ. ಹೊರಗೆ ಹೋಗಿ ಸೊಪ್ಪು ತರಕಾರಿ ತರಲಾಗದ ಜಡಿಮಳೆಯ ದಿನಗಳಲ್ಲಿ ಇದು ಆಪತ್ತಿಗೆ ಒದಗುವ ಪದಾರ್ಥವಾಗಿತ್ತು. ತಳ ಹಿಡಿಯದಂತೆ ತಿರುವುತ್ತ ಕೂರಬೇಕಾದ್ದರಿಂದ ಬಚ್ಚಲ ಒಲೆಗೆ ಹೇಗೂ ಬೆಂಕಿ ಇರುತ್ತಿದ್ದ ಕಾಲದಲ್ಲಿ ಮಾತ್ರ ಇದು ಅಗ್ಗದ ಅಡುಗೆ. ಅನಿಲದ ಒಲೆಯಲ್ಲಿ ಇದನ್ನು ಮಾಡುವುದು ದುಬಾರಿ. ಈಗ ಕೆಲವು ಗೃಹೋದ್ಯಮಗಳು ಇದನ್ನು ಬಾಟಲಿಗಳಲ್ಲಿ ತುಂಬಿ ಮಾರುತ್ತವೆ.

ಇಂಗಿಸದ ತೆಳು ಕಟ್ಟಿಗೆ ಈ ಬಾಳಿಕೆ ಇಲ್ಲ. ಪ್ರೋಟೀನು, ಪಿಷ್ಟ ಕರಗಿರುವ ನೀರಾದ್ದರಿಂದ ಸೆಕೆಯ ದಿನಗಳಲ್ಲಿ ಅರ್ಧ ದಿನದಲ್ಲೇ ಹಳಸುತ್ತದೆ. ಉಳಿದ ಸಾರನ್ನು ರಾತ್ರಿ ಮತ್ತು ಬೆಳಿಗ್ಗೆ ಚೆನ್ನಾಗಿ ಮರಳಿಸಿ ಇಡುವ ರೂಢಿಯಿದೆ. ಮಾರನೆಯ ದಿನದ ಸಾರೇ ಹೆಚ್ಚು ರುಚಿ ಎಂಬ ಅಭಿಪ್ರಾಯ ವ್ಯಾಪಕವಾಗಿದೆ.

ಉಳಿದ ಕಾಳು

ಬಸಿದ ಕಾಳಿಗೆ ಕಾಯಿತುರಿ, ಹಸಿಮೆಣಸಿನಕಾಯಿ ಸೇರಿಸಿ ಉಸಲಿ ಅಥವಾ ಪಲ್ಯ ಮಾಡುತ್ತಾರೆ. ಬೆಳ್ಳುಳ್ಳಿ, ಒಣಮೆಣಸಿನಕಾಯಿಯೊಂದಿಗೆ ಗಟ್ಟಿಯಾಗಿ ರುಬ್ಬಿದ ಹುರುಳಿ ಚಟ್ನಿ ರೊಟ್ಟಿಗೆ ಹೊಂದುತ್ತದೆ. ಮೊಳಕೆ ಬರಿಸಿದ ಹುರುಳಿಯ ಸಾರು ಬೇರೆಯದೇ ಅಡುಗೆ. ಅದರಲ್ಲಿ ಕಾಳನ್ನು ಬಸಿಯುವುದಿಲ್ಲ.

ಪೋಷಕಾಂಶಗಳು

100 ಗ್ರಾಂ ಒಣ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನು, 57 ಗ್ರಾಂ ಶರ್ಕರಪಿಷ್ಟ ಮತ್ತು 1 ಗ್ರಾಮಿಗಿಂತ ಕಡಿಮೆ ಕೊಬ್ಬು ಇರುತ್ತದೆ. ಕ್ಯಾಲ್ಸಿಯಂ ಪ್ರಮಾಣ ಸುಮಾರು 270 ಮಿಲಿಗ್ರಾಂ; ಇದು ತೊಗರಿಬೇಳೆಯಲ್ಲಿರುವುದಕ್ಕಿಂತ ಬಹಳ ಹೆಚ್ಚು. ಕಬ್ಬಿಣವೂ ಗಣನೀಯವಾಗಿದೆ. ಆದರೆ ಕಾಳಿನಲ್ಲಿರುವ ಫೈಟಿಕ್ ಆಮ್ಲ ಮತ್ತು ಸಿಪ್ಪೆಯ ಟ್ಯಾನಿನ್ ಮಾದರಿಯ ಸಂಯುಕ್ತಗಳು ಕಬ್ಬಿಣವನ್ನು ದೇಹ ಹೀರಿಕೊಳ್ಳದಂತೆ ತಡೆಯುತ್ತವೆ. ಪ್ರೋಟೀನಿನ ಜೀರ್ಣಕ್ಕೆ ಅಡ್ಡಿಯಾಗುವ ಟ್ರಿಪ್ಸಿನ್ ಪ್ರತಿಬಂಧಕಗಳೂ ಹಸಿ ಹುರುಳಿಯಲ್ಲಿವೆ. ನೆನೆಸುವುದು, ಮೊಳಕೆ ಬರಿಸುವುದು ಮತ್ತು ಚೆನ್ನಾಗಿ ಬೇಯಿಸುವುದರಿಂದ ಇವು ಕಡಿಮೆಯಾಗುತ್ತವೆ. ಬಡಿಸುವ ಹೊತ್ತಿಗೆ ನಿಂಬೆರಸ ಹಿಂಡಿದರೆ ಅದರ ಸಿ ಜೀವಸತ್ವ ಕಬ್ಬಿಣದ ಹೀರಿಕೆಗೆ ನೆರವಾಗುತ್ತದೆ.

‘ಕಾಳಿನ ಸತ್ತ್ವವೆಲ್ಲ ಕಟ್ಟಿಗೆ ಇಳಿಯುತ್ತದೆ, ಉಳಿಯುವುದು ಬರಿಯ ಹಿಪ್ಪೆ’ ಎಂಬ ನಂಬಿಕೆ ಸಾಮಾನ್ಯವಾಗಿದೆ. ಇದು ಸರಿಯಲ್ಲ. ಕಟ್ಟಿಗೆ ಇಳಿಯುವುದು ನೀರಿನಲ್ಲಿ ಕರಗುವ ಕೆಲವು ಖನಿಜಗಳು, ಬಿ ಗುಂಪಿನ ಜೀವಸತ್ವಗಳ ಒಂದು ಭಾಗ, ಸಿಪ್ಪೆಯ ಬಣ್ಣ, ಸಕ್ಕರೆಗಳು ಹಾಗೂ ಸ್ವಲ್ಪ ಪ್ರೋಟೀನು, ಪಿಷ್ಟ. ಪ್ರೋಟೀನಿನ ಹೆಚ್ಚಿನ ಪಾಲು ಮತ್ತು ನಾರಿನಂಶ ಕಾಳಿನಲ್ಲೇ ಉಳಿಯುತ್ತವೆ. ಬಾಣಂತಿಯರಿಗೂ ಬೆಳೆಯುವ ಮಕ್ಕಳಿಗೂ ಶಕ್ತಿ ಬರಲೆಂದು ತೆಳು ಕಟ್ಟನ್ನು ಮಾತ್ರ ಕೊಟ್ಟು ಕಾಳನ್ನು ಬೇರೆಡೆಗೆ ಹಾಕಿದರೆ ಉದ್ದೇಶ ಈಡೇರುವುದಿಲ್ಲ. ಅವರು ಕಾಳನ್ನೂ ತಿನ್ನುವುದು ಅಥವಾ ಹೆಚ್ಚು ಕಾಳನ್ನು ರುಬ್ಬಿ ಸಾರಿಗೆ ಸೇರಿಸುವುದು ಸೂಕ್ತ.

ಔಷಧೀಯ ನಂಬಿಕೆಗಳು

ಆಯುರ್ವೇದದಲ್ಲಿ ಕುಲತ್ಥವನ್ನು ಉಷ್ಣವೀರ್ಯದ, ಕಫ ಮತ್ತು ವಾತಗಳನ್ನು ತಗ್ಗಿಸುವ ಧಾನ್ಯವೆಂದು ಹೇಳಲಾಗಿದೆ. ಅಶ್ಮರಿ, ಅಂದರೆ ಮೂತ್ರಾಂಗದ ಕಲ್ಲಿಗೆ ಅದು ಪ್ರಶಸ್ತವೆಂಬ ಉಲ್ಲೇಖವಿದೆ. ಶೀತ, ಕೆಮ್ಮು ಬಂದಾಗ ಕಾಳುಮೆಣಸು ಹೆಚ್ಚಾಗಿ ಹಾಕಿದ ಕಟ್ಟಿನ ಸಾರನ್ನು ಕುಡಿಯುವ ವಾಡಿಕೆ ಮಲೆನಾಡಿನಲ್ಲಿ ಇಂದಿಗೂ ಇದೆ. ಹುರುಳಿ ‘ಉಷ್ಣ’ ಎಂಬ ಕಾರಣದಿಂದ ಬೇಸಿಗೆಯಲ್ಲಿ ಮತ್ತು ಗರ್ಭಿಣಿಯರಿಗೆ ಕೊಡಬಾರದೆಂಬ ನಿಷೇಧವೂ ಹಲವು ಮನೆಗಳಲ್ಲಿದೆ.

ಕಲ್ಲು ಕರಗಿಸುವ ಗುಣದ ಬಗ್ಗೆ ಆಧುನಿಕ ವೈದ್ಯಕೀಯದಲ್ಲಿ ಖಚಿತ ತೀರ್ಮಾನಕ್ಕೆ ಬರುವಷ್ಟು ಆಧಾರವಿಲ್ಲ. ಕಟ್ಟನ್ನು ಯಥೇಚ್ಛವಾಗಿ ಕುಡಿಯುವುದರಿಂದ ದೇಹಕ್ಕೆ ಸೇರುವ ನೀರಿನ ಪ್ರಮಾಣ ಹೆಚ್ಚುತ್ತದೆ. ಕಲ್ಲಿನ ತೊಂದರೆಯಿರುವವರಿಗೆ ಹೆಚ್ಚು ನೀರು ಕುಡಿಯಲು ವೈದ್ಯರು ಸಾಮಾನ್ಯವಾಗಿ ಸಲಹೆ ನೀಡುತ್ತಾರೆ. ಇಲ್ಲಿ ಒಂದು ಅಪಾಯವನ್ನು ಗಮನಿಸಬೇಕು. ಕಾಳನ್ನು ಬೇಯಿಸಿದಾಗ ಅದರ ಪೊಟ್ಯಾಸಿಯಂ ಗಣನೀಯವಾಗಿ ನೀರಿಗೆ ಇಳಿಯುತ್ತದೆ. ಮೂತ್ರಪಿಂಡಗಳ ಕಾರ್ಯಶಕ್ತಿಯೇ ಕುಂದಿ, ಪೊಟ್ಯಾಸಿಯಂ ಮತ್ತು ನೀರನ್ನು ಮಿತಗೊಳಿಸಲು ಸೂಚಿಸಲ್ಪಟ್ಟ ರೋಗಿಗಳು ಕಲ್ಲಿನ ಮದ್ದೆಂದು ಕಟ್ಟನ್ನು ಕುಡಿದರೆ ಹಾನಿಯಾಗಬಹುದು. ‘ಕಿಡ್ನಿಗೆ ಒಳ್ಳೆಯದು’ ಎಂಬ ಮಾತು ಈ ಎರಡು ಬಗೆಯ ರೋಗಿಗಳ ನಡುವಿನ ವ್ಯತ್ಯಾಸವನ್ನು ಮರೆಸುತ್ತದೆ.

ಇತರ ಪ್ರದೇಶಗಳಲ್ಲಿ

ಕರಾವಳಿಯ ತುಳುವರ ಕುಡುತ ಸಾರು, ಕೊಂಕಣಿಗರ ಕುಳಿತಾ ಸಾರು ಮಲೆನಾಡಿನ ಸಾರಿಗೆ ಅತಿ ಸಮೀಪದವು. ಕೊಂಕಣಿಗರಲ್ಲಿ ಬಸಿದ ಕಾಳು ಉಪ್ಕರಿಯಾಗುತ್ತದೆ. ಮಹಾರಾಷ್ಟ್ರದ ಕೊಂಕಣದಲ್ಲಿ ಹುರುಳಿ ಹಿಟ್ಟಿನಿಂದ ಪಿಠಿ ಎಂಬ ಗಟ್ಟಿ ಮೇಲೋಗರ ಮಾಡುತ್ತಾರೆ. ತಮಿಳುನಾಡಿನಲ್ಲಿ ಕೊಳ್ಳು ರಸಂ ಇದೆ. ಹುರುಳಿಯನ್ನು ಗಹತ್ ಎಂದು ಕರೆಯುವ ಉತ್ತರಾಖಂಡದಲ್ಲಿ ನೆನೆಸಿ ರುಬ್ಬಿದ ಕಾಳಿನಿಂದ ಫಾಣು ತಯಾರಾಗುತ್ತದೆ. ಇವುಗಳಲ್ಲಿ ಆಂಧ್ರದ ಉಲವಚಾರು ಮಾತ್ರ ಹೋಟೆಲುಗಳ ಪಟ್ಟಿಗೆ ಏರಿ, ಹಾಲಿನ ಕೆನೆಯೊಂದಿಗೆ ಬಡಿಸುವ ವಿಶೇಷ ಖಾದ್ಯವಾಗಿ ಹೆಸರು ಮಾಡಿದೆ.

ಇಂದಿನ ಸ್ಥಿತಿ

ಉಳುಮೆಗೆ ಟಿಲ್ಲರ್ ಮತ್ತು ಟ್ರ್ಯಾಕ್ಟರ್ ಬಂದು ಎತ್ತುಗಳು ಕಡಿಮೆಯಾದ ಮೇಲೆ ಕೊಟ್ಟಿಗೆಯ ಹಂಡೆಯೂ ಅಪರೂಪವಾಯಿತು. ಉಳಿದಿರುವ ದನಗಳಿಗೆ ಹಿಂಡಿ ಮತ್ತು ಸಿದ್ಧ ಪಶು ಆಹಾರ ಕೊಡುವುದೇ ಹೆಚ್ಚು. ಹಿಂದೆ ಮೇವಿನ ಉಪೋತ್ಪನ್ನವಾಗಿದ್ದ ಕಟ್ಟಿಗಾಗಿ ಈಗ ಹುರುಳಿಯನ್ನು ಬೇರೆಯಾಗಿ ಕೊಂಡು, ಕುಕ್ಕರಿನಲ್ಲಿ ಬೇಯಿಸಬೇಕು. ಕುಕ್ಕರಿನ ಕಟ್ಟು ಹಂಡೆಯದ್ದಕ್ಕಿಂತ ತೆಳು. ಹಳೆಯ ದಪ್ಪ ಬೇಕೆನ್ನುವವರು ರುಬ್ಬುವ ಕಾಳಿನ ಪ್ರಮಾಣವನ್ನು ಒಂದು ಹಿಡಿಯಿಂದ ಎರಡು ಹಿಡಿಗೆ ಏರಿಸುತ್ತಾರೆ. ಇದರಿಂದ ಹಿಂದೆ ದನಗಳ ಬಾನಿಗೆ ಹೋಗುತ್ತಿದ್ದ ಕಾಳಿನ ಹೆಚ್ಚಿನ ಪಾಲು ಈಗ ಮನೆಯವರ ಊಟಕ್ಕೇ ಸೇರುತ್ತಿದೆ.